ಮೆತ್ತನೆಯ ಗೋಣಿ

"ಏನಮ್ಮ ಮದುಮಗಳೇ, ಮುಸುಕು ಹಾಕ್ಕೊಂಡು ಬಂದಿದೀಯ. ಗಂಡಿನ ಕಡೆಯವರು ಇವತ್ತೇ ಬರ್ತಾರಾ?"

ಮೇಸ್ತ್ರಿ ಕೇಳಿದ್ದು ನನ್ನನ್ನು, ಮೀಸೆ ಬಂದ ಗಂಡಸನ್ನು. ಶೆಡ್ಡಿನ ಬಾಗಿಲಲ್ಲಿ ನಿಂತು, ಆ ತುದಿಯಲ್ಲಿ ಸೀಸ ಕರಗಿಸುವ ಭಟ್ಟಿಯ ಹತ್ತಿರ ಇದ್ದವರಿಗೂ ಕೇಳುವ ಹಾಗೆ ಕೇಳಿದ. ನಾನು ಮೂಗು ಬಾಯಿ ಮುಚ್ಚಿ ಬಟ್ಟೆ ಕಟ್ಟಿಕೊಂಡು ಕೊಡಲಿ ಎತ್ತಿದ್ದೆ. ಎತ್ತಿದ ಕೊಡಲಿ ಎತ್ತಿದ ಹಾಗೇ ನಿಂತಿತು.

"ಹೊಟ್ಟೆಗೆ ಹಿಟ್ಟಿಲ್ಲ, ಮೂಗಿಗೆ ಮಾತ್ರ ಮಲ್ಲಿಗೆ. ಎಲ್ಲಿಂದ ಬಂತೋ ಈ ಬಟ್ಟೆ?"

"ಅವರತ್ತಿಗೆಯ ಲಂಗ ಹರಿದದ್ದು ಮೇಸ್ತ್ರಿ," ಅಂದ ಭಟ್ಟಿಯವನು. "ಅದನ್ನ ಕಟ್ಕೊಂಡ್ರೆ ಸೀಸದ ವಾಸನೆ ಬರಲ್ವಂತೆ. ಬೇರೆ ವಾಸನೆ ಬರುತ್ತಂತೆ."

ತಗಡಿನ ಮಾಡು ಅದುರುವಂತೆ ನಕ್ಕರು. ನಾನು ಮೇಸ್ತ್ರಿಯನ್ನು ನೋಡಲಿಲ್ಲ, ಭಟ್ಟಿಯವನನ್ನೂ ನೋಡಲಿಲ್ಲ. ನನ್ನ ಪಕ್ಕದಲ್ಲೇ ಬ್ಯಾಟರಿ ಒಡೆಯುತ್ತಿದ್ದ ನನ್ನ ಅಣ್ಣನನ್ನು ನೋಡಿದೆ. ಮಾತು ಬಿದ್ದದ್ದು ಅವನ ಹೆಂಡತಿಯ ಮೇಲೆ.

ಅಣ್ಣ ನಗುತ್ತಿದ್ದ. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು.

ಹಿಂದಿನ ದಿನ ಇದೇ ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನನ್ನ ತೋಳಿಗೆ ಮುಖ ಒತ್ತಿ ಅತ್ತಿದ್ದ. ನಾಳೆಯಿಂದ ಬಟ್ಟೆ ಕಟ್ಕೋ ಅಂದವನೂ ಅವನೇ. ನಾನೂ ಕಟ್ಕೋತೀನಿ ಅಂದಿದ್ದ. ಅತ್ತಿಗೆಯಿಂದ ಲಂಗ ಕೇಳಿ ಈಸಿಕೊಂಡು ಎರಡು ತುಂಡು ಮಾಡಿದವನು ಅವನು. ಅವನ ತುಂಡು ಅವನ ಜೇಬಿನಲ್ಲಿತ್ತು. ತುದಿ ಹೊರಗೆ ಕಾಣುತ್ತಿತ್ತು. ನಗುತ್ತಲೇ ಅದನ್ನು ಹೆಬ್ಬೆರಳಿನಿಂದ ಒಳಗೆ ತುರುಕಿಕೊಂಡ.

ನಮ್ಮ ಕೆಲಸ ಹೀಗಿದೆ. ಕಾರು, ಬಸ್ಸು, ಲಾರಿಗಳ ಸತ್ತ ಬ್ಯಾಟರಿಗಳು ಇಲ್ಲಿಗೆ ಬರುತ್ತವೆ. ಕೊಡಲಿಯಲ್ಲಿ ಅವುಗಳ ತಲೆ ಸೀಳಬೇಕು. ಒಳಗಿನ ಆಸಿಡ್ಡನ್ನು ಚರಂಡಿಗೆ ಬಗ್ಗಿಸಬೇಕು. ಸೀಸದ ತಗಡುಗಳನ್ನು ಕೈಯಲ್ಲಿ ಕಿತ್ತು ಗೋಣಿಗೆ ತುಂಬಬೇಕು. ಗೋಣಿಯನ್ನು ಬೆನ್ನಿಗೆ ಹೇರಿಕೊಂಡು ಭಟ್ಟಿಗೆ ಒಯ್ಯಬೇಕು. ಅಲ್ಲಿ ಅದು ಕರಗುತ್ತದೆ, ಗಟ್ಟಿಯಾಗುತ್ತದೆ, ಲಾರಿ ಹತ್ತಿ ಹೋಗುತ್ತದೆ. ನಮಗೆ ಉಳಿಯುವುದು ಬೂದು ಬಣ್ಣದ ಧೂಳು. ಕಿವಿಯಲ್ಲಿ, ರೆಪ್ಪೆಯಲ್ಲಿ, ಉಗುರಿನ ಬುಡದಲ್ಲಿ. ಆಸಿಡ್ ಸಿಡಿದು ಪ್ಯಾಂಟು ಜರಡಿಯಾಗುತ್ತದೆ. ಆಮೇಲೆ ತೊಡೆ ಜರಡಿಯಾಗುತ್ತದೆ. ಬಾಯಲ್ಲಿ ಯಾವಾಗಲೂ ಒಂದು ಸಿಹಿ ಇರುತ್ತದೆ. ನೀರು ಕುಡಿದರೂ ಹೋಗದ ಹಾಳು ಸಿಹಿ.

ಶೆಡ್ಡಿನ ಹಿಂದಿನ ಗೋಡೆಗೆ ಒರಗಿಕೊಂಡೇ ನಮ್ಮ ಸಾಲುಮನೆಗಳಿವೆ. ಈ ಬೀದಿಯಲ್ಲಿ ಏನಕ್ಕೆ ಬೇಕಾದರೂ ಬರ ಬರಬಹುದು, ಕಾರಣಗಳಿಗೆ ಬರುವುದಿಲ್ಲ. ಗೋಡೆಯ ಪಕ್ಕದ ಮರ ಎಲೆ ಬಿಡುವುದನ್ನು ನಿಲ್ಲಿಸಿತು. ಅದಕ್ಕೆ ವಯಸ್ಸಾಯಿತು ಅಂದರು. ಚರಂಡಿ ನೀರು ಕುಡಿದ ಆಡುಗಳು ಕಾಲು ಸೆಟೆದು ಬಿದ್ದವು. ಯಾರದೋ ಕಣ್ಣು ಬಿತ್ತು ಅಂದರು. ಹೆಂಗಸರಿಗೆ ಬಸಿರು ನಿಲ್ಲುತ್ತಿಲ್ಲ. ಈಗಿನ ಹುಡುಗೀರಿಗೆ ತ್ರಾಣ ಎಲ್ಲಿದೆ ಅಂದರು. ಮೇಸ್ತ್ರಿಗೆ ಟೀ ಲೋಟ ಹಿಡಿಯಲು ಎರಡು ಕೈ ಬೇಕು. ನಡುಗುತ್ತದೆ. ಕೇಳಿದರೆ, "ಚಳಿ" ಅನ್ನುತ್ತಾನೆ. ಭಟ್ಟಿಯ ಮುಂದೆ ಕೂತು ಬೆವರುತ್ತಾ ಚಳಿ ಅನ್ನುತ್ತಾನೆ.

ನಮ್ಮಪ್ಪನಿಗೂ ಒಂದು ಕಾರಣ ಸಿಕ್ಕಿತು.

ಅಪ್ಪ ಇದೇ ಶೆಡ್ಡಿನಲ್ಲಿ ಗೋಣಿ ಹೊತ್ತವನು. ಮೊದಲು ಹೊಟ್ಟೆನೋವು ಬಂತು. ಕರುಳನ್ನು ಯಾರೋ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಾರೆ ಅನ್ನುತ್ತಿದ್ದ. ಆಮೇಲೆ ಮಣಿಕಟ್ಟು ಸೋತಿತು. ಎರಡೂ ಕೈ ಮುಂದಕ್ಕೆ ಚಾಚಿದರೆ ಅಂಗೈಗಳು ಒಣಗಿದ ಸೊಪ್ಪಿನ ಹಾಗೆ ಜೋತುಬೀಳುತ್ತಿದ್ದವು. ಅಂಗಿಯ ಗುಂಡಿ ಹಾಕಲು ನಾನು ಬೇಕಿತ್ತು. ಅದಕ್ಕೇ ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅವನ ಕೊಡಲಿ ಹಿಡಿದೆ. ಅಪ್ಪ ಸತ್ತಾಗ ಮೇಸ್ತ್ರಿ ಬಂದು ತಲೆಯ ಹತ್ತಿರ ನಿಂತು, "ಕುಡಿತ ಕಣಮ್ಮ, ಕುಡಿತ ತಿಂದುಹಾಕ್ತು" ಅಂದ. ಅಪ್ಪ ಕುಡಿಯುತ್ತಿರಲಿಲ್ಲ. ಇದು ಬೀದಿಗೆಲ್ಲ ಗೊತ್ತಿತ್ತು. ಆದರೂ ಬೀದಿ ಹೌದು ಹೌದು ಅಂದಿತು. ಯಾಕೆಂದರೆ ಕುಡಿದು ಸತ್ತ ಅಂದರೆ, ಕುಡಿಯದವರು ಸಾಯುವುದಿಲ್ಲ ಅಂತಾಯಿತಲ್ಲ. ಮಾರನೇ ದಿನ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಬಹುದು.

ಅಮ್ಮ ಮೊದಲು ಜಗಳಕ್ಕೆ ಬಿದ್ದಳು. ನನ್ನ ಗಂಡ ಮುಟ್ಟಿದವನಲ್ಲ ಅಂದಳು. ಆಮೇಲೆ ಸುಮ್ಮನಾದಳು. ಆಮೇಲೆ ತಾನೇ ಹೇಳತೊಡಗಿದಳು. "ಕುಡೀತಿದ್ರು ಅಂತ ಕಾಣುತ್ತೆ. ನನಗೆ ಗೊತ್ತಾಗದ ಹಾಗೆ ಕುಡೀತಿದ್ರು." ಕುಡುಕನ ಹೆಂಡತಿಯಾಗುವುದು ಅವಳಿಗೆ ಸಲೀಸಾಯಿತು. ಅಪ್ಪನಿಗೆ ದಿನಾ ಬುತ್ತಿ ಕಟ್ಟಿ ಆ ಶೆಡ್ಡಿಗೆ ಕಳಿಸಿದವಳು ಅವಳೇ. ಅದನ್ನು ನೆನೆದು ಬದುಕುವುದು ಆಗಲಿಲ್ಲ.

ಸತ್ತವನ ಮೇಲೆ ಹೊರಿಸಿದ್ದನ್ನು ನಾನು ನುಂಗಿಕೊಂಡೆ. ಈಗ ಬದುಕಿರುವ ಮಗುವಿನ ಮೇಲೆ ಹೊರಿಸುತ್ತಿದ್ದಾರೆ.

ಅಣ್ಣನ ಮಗಳನ್ನು ಇಡೀ ಬೀದಿ ಪಟಾಕಿ ಎಂದು ಕರೆಯುತ್ತದೆ. ನಡೆಯುವುದಕ್ಕೆ ಮೊದಲೇ ಮಾತಾಡಿದವಳು. ಬೆಳಿಗ್ಗೆ ನಾವು ಕೆಲಸಕ್ಕೆ ಹೊರಟರೆ ಹೊಸ್ತಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು. ಮೇಸ್ತ್ರಿಯ ದನಿ ಮಾಡಿ, "ಏಯ್, ಬೇಗ ಬೇಗ, ಕಾಲಲ್ಲೇನು ಮುಳ್ಳಾ?" ಅನ್ನುತ್ತಿದ್ದಳು. ಒಂದು ಸಲ ಮೇಸ್ತ್ರಿಯ ಕಿವಿಗೇ ಬಿತ್ತು. ಅವನು ಟೋಪಿ ತೆಗೆದು ಬಗ್ಗಿ, "ಆಯ್ತು ಮೇಡಮ್ಮು, ತಪ್ಪಾಯ್ತು" ಅಂದಿದ್ದ. ಬೀದಿ ಬಿದ್ದು ಬಿದ್ದು ನಕ್ಕಿತ್ತು.

ನಾಲ್ಕು ತುಂಬುವ ಹೊತ್ತಿಗೆ ಮಾತು ಉದುರತೊಡಗಿತು. ಮೊದಲು ಉದ್ದ ಮಾತುಗಳು ಹೋದವು. ಆಮೇಲೆ ಹೆಸರುಗಳು. ಆಮೇಲೆ ಬೇಕಾದ್ದನ್ನು ಬೆರಳಿನಲ್ಲಿ ತೋರಿಸತೊಡಗಿದಳು. ಹೊಟ್ಟೆ ಹಿಡಿದುಕೊಂಡು ಮೂಲೆಯಲ್ಲಿ ಮುದುಡಿ ಕೂರುವಳು. ಎಡಗಾಲು ಎಳೆಯುವಳು. ದೃಷ್ಟಿ ಅಂದರು, ಹಲ್ಲು ಬರುವ ಕಾಟ ಅಂದರು, ಹಟ ಅಂದರು. ನಾನೂ ಅಣ್ಣನೂ ಹೊತ್ತುಕೊಂಡು ಆಸ್ಪತ್ರೆಗೆ ಹೋದೆವು.

ಅಲ್ಲಿದ್ದದ್ದು ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ರಕ್ತ ತೆಗೆಸಿ, ವಾರದ ಮೇಲೆ ಮತ್ತೆ ಕರೆಸಿಕೊಂಡು, ಬಾಗಿಲು ಹಾಕಿ ಹೇಳಿದಳು. ಮಗುವಿನ ರಕ್ತದಲ್ಲಿ ಸೀಸ ತುಂಬಿದೆ.

"ಮಗು ಶೆಡ್ಡಿಗೆ ಬರಲ್ಲ ಮೇಡಂ," ಅಂದ ಅಣ್ಣ. "ನಾನೇ ಬಿಡಲ್ಲ."

"ಹಾಗಾದ್ರೆ ಮನೇಗೇ ಬರ್ತಿದೆ. ಮಗು ಮಲಗೋದು ಯಾವುದರ ಮೇಲೆ?"

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ನಮ್ಮ ಶೆಡ್ಡಿನಲ್ಲಿ ಒಂದು ವಾಡಿಕೆ ಇದೆ. ಕೆಲಸದವರ ಮನೆಯಲ್ಲಿ ಮಗು ಹುಟ್ಟಿದರೆ ಮೇಸ್ತ್ರಿ ಗೋಣಿ ಕಳಿಸುತ್ತಾನೆ. ಹೊಸ ಗೋಣಿ ಚುಚ್ಚುತ್ತದೆ ಎಂದು ತಾನೇ ರಾಶಿಯಲ್ಲಿ ಕೈಯಾಡಿಸಿ, ಕೆನ್ನೆಗೆ ಒತ್ತಿ ನೋಡಿ, ಎಲ್ಲಕ್ಕಿಂತ ಹಳೆಯದನ್ನು, ಎಲ್ಲಕ್ಕಿಂತ ಮೆತ್ತನೆಯದನ್ನು ಆರಿಸುತ್ತಾನೆ. ಅಂದರೆ ವರ್ಷಗಟ್ಟಲೆ ಸೀಸದ ತಗಡು ಹೊತ್ತು ಹೊತ್ತು ಮೆತ್ತಗಾದದ್ದನ್ನು. ಮನೆಯ ಹೆಂಗಸರು ಅದನ್ನು ಒಗೆಯುವುದಿಲ್ಲ, ಒಗೆದರೆ ಬಿರುಸಾಗುತ್ತದೆ. ಕೊಡವಿ, ಚಿಂದಿ ತುಂಬಿ, ಹೊಲಿದು ಹಾಸಿಗೆ ಮಾಡುತ್ತಾರೆ. ನಮ್ಮ ಬೀದಿಯ ಮಕ್ಕಳೆಲ್ಲ ಅದರ ಮೇಲೇ ಮಲಗಿ ಬೆಳೆದವರು. ಪಟಾಕಿಯ ಹಾಸಿಗೆಯನ್ನು ಹೊಲಿದದ್ದು ಅಮ್ಮ. ಅಂಚಿಗೆ ಕೆಂಪು ದಾರದಲ್ಲಿ ಹೂವು ಹಾಕಿದ್ದಳು. ಮಗು ಅದರ ತುದಿ ಚೀಪುತ್ತಾ ಮಲಗುತ್ತಿತ್ತು.

ಅಣ್ಣ ಇದನ್ನೆಲ್ಲ ತಾನೇ ಡಾಕ್ಟರಮ್ಮನಿಗೆ ಹೇಳಿದ.

"ಇಲ್ಲಿ ಸೇರಿಸಿ," ಅಂದಳು ಡಾಕ್ಟರಮ್ಮ. "ಔಷಧಿ ಕೊಡ್ತೀವಿ. ಮನೆಯವರು ಒಬ್ಬರು ಜೊತೇಲಿರಬೇಕು. ಹೋದದ್ದೆಲ್ಲ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಇನ್ನೂ ಹೋಗೋದನ್ನ ತಡೀಬಹುದು. ಆದ್ರೆ ಅದೇ ಮನೆ, ಅದೇ ಹಾಸಿಗೆಗೆ ಮತ್ತೆ ಹೋಗಬಾರದು." ಆರೋಗ್ಯ ಇಲಾಖೆಯ ಮೇಲಿನ ಆಫೀಸಿಗೆ ತಿಳಿಸುತ್ತೇನೆ, ಸಾಹೇಬರು ಬಂದು ವಿಚಾರಿಸುತ್ತಾರೆ, ಆಗ ಮಗುವಿನ ತಂದೆಯಾಗಿ ನೀವು ನಿಜ ಹೇಳಿದರೆ ಬೀದಿಯ ಮಕ್ಕಳೆಲ್ಲರ ರಕ್ತ ನೋಡಬಹುದು ಎಂದೂ ಹೇಳಿದಳು.

"ಹೇಳ್ತೀನಿ ಮೇಡಂ," ಅಂದ ಅಣ್ಣ. "ಯಾರಿಗೆ ಹೆದರಲಿ. ನನ್ನ ಮಗಳು."

ಮನೆಯವರನ್ನು ಕೇಳಿ ನಾಳೆ ಸೇರಿಸುತ್ತೇವೆ ಎಂದು ಮಗುವನ್ನು ವಾಪಸ್ ಕರೆತಂದೆವು. ಮೆಟ್ಟಿಲ ಮೇಲೆ ಅವನು ಅತ್ತದ್ದು ಆಗಲೇ.

ಮನೆಗೆ ಬಂದವನೇ ನಾನು ಹಾಸಿಗೆಯನ್ನು ಎಳೆದು ಬೀದಿಗೆ ಎಸೆದೆ. ಅಮ್ಮ ಹಿಂದೆಯೇ ಓಡಿ ಎತ್ತಿಕೊಂಡಳು.

"ತಲೆ ಕೆಟ್ಟಿದೆಯೇನೋ ನಿಂಗೆ? ಧೂಳಿದ್ರೆ ಕೊಡವಿದ್ರೆ ಆಯ್ತು."

ಗೋಡೆಯ ಮೇಲೆ ಹಾಕಿ ಕೋಲು ತಗೊಂಡು ಬಡಿಯತೊಡಗಿದಳು. ಬೂದು ಮೋಡ ಎದ್ದಿತು. ಮಗು ಹೊಸ್ತಿಲ ಮೇಲೆ ಕೂತಿತ್ತು. ಮೋಡ ಮಗುವಿನ ಮೇಲೇ ಇಳಿಯಿತು. ನಾನು ಕೋಲು ಕಿತ್ತುಕೊಂಡೆ.

"ಅಮ್ಮ, ಅದು ವಿಷ."

"ಮೇಸ್ತ್ರಿ ಪ್ರೀತಿಯಿಂದ ಕಳ್ಸಿದ್ದು. ಕೆನ್ನೆಗೆ ಹಿಡಿದು ನೋಡಿ ಕಳ್ಸಿದ್ದು. ಪ್ರೀತಿಯಿಂದ ಯಾರಾದ್ರೂ ವಿಷ ಕೊಡ್ತಾರಾ?" ಅಮ್ಮ ಅಂಚಿನ ಕೆಂಪು ಹೂವನ್ನು ನನ್ನ ಮುಖಕ್ಕೆ ಹಿಡಿದಳು. "ನಾನು ಹೊಲಿದದ್ದು ಇದು. ನನ್ನ ಕೈಯಾರೆ ಹೊಲಿದು, ನನ್ನ ಕೈಯಾರೆ ಮಲಗ್ಸಿದೀನಿ. ನೀನು ಏನು ಹೇಳ್ತಿದೀಯ ಗೊತ್ತಾ ನಿಂಗೆ?"

ಗೊತ್ತಿತ್ತು. ಅವಳಿಗೂ ಗೊತ್ತಾಗಿತ್ತು. ಅದಕ್ಕೇ ಹಾಸಿಗೆಯನ್ನು ಎದೆಗೆ ಅವಚಿಕೊಂಡು ಒಳಗೆ ಹೋಗಿ ಮೊದಲಿದ್ದ ಜಾಗದಲ್ಲೇ ಹಾಸಿದಳು. ಅತ್ತಿಗೆ ಒಲೆಯ ಮುಂದಿನಿಂದ ಏಳಲಿಲ್ಲ. ಆಸ್ಪತ್ರೆ ಅಂದರೆ, "ಸಾಹೇಬರು ಬಂದು ಹೋಗ್ಲಿ, ಆಮೇಲೆ ನೋಡೋಣ" ಅಂದ ಅಣ್ಣ. ಬಟ್ಟೆ ಮಾತ್ರ ಎರಡು ತುಂಡು ಮಾಡಿದ.

ಆ ಬಟ್ಟೆಯ ಕಥೆ ಆಗಲೇ ಹೇಳಿದೆ.

ಅದೇ ವಾರ ಸಾಹೇಬ ಬಂದ. ಶೆಡ್ಡಿನ ಮುಂದೆ ಕುರ್ಚಿ ಹಾಕಿದರು. ಭಟ್ಟಿ ಆರಿಸಿದ್ದರು, ನೆಲಕ್ಕೆ ನೀರು ಹೊಡೆದಿದ್ದರು. ಶೆಡ್ಡಿನ ಯಜಮಾನ ಬಂದಿರಲಿಲ್ಲ. ಅವನು ಬರುವುದೇ ಇಲ್ಲ. ಅವನ ಮಕ್ಕಳು ಊರಿನ ಆ ತುದಿಯಲ್ಲಿ, ಗಾಳಿ ಬೀಸುವ ದಿಕ್ಕಿಗೆ ವಿರುದ್ಧವಾಗಿ, ಬೆಳೆಯುತ್ತಿದ್ದಾರೆ. ಅವನು ಒಂದು ಸುಳ್ಳನ್ನೂ ಹೇಳಬೇಕಾಗಿಲ್ಲ. ಅವನ ಬದಲು ಹೇಳಲು ನಾವಿದ್ದೇವೆ.

ಬೀದಿಯೆಲ್ಲ ಸೇರಿತ್ತು. ಅಣ್ಣ ಮಗುವನ್ನು ಎತ್ತಿಕೊಂಡು ಮುಂದೆ ನಿಂತಿದ್ದ. ಹಿಂದಿನ ಸಂಜೆಯೂ ನನ್ನ ಕೈ ಹಿಡಿದು, "ನಾನೇ ಹೇಳ್ತೀನಿ, ನೀನು ಬಾಯಿ ಹಾಕ್ಬೇಡ" ಅಂದಿದ್ದ. ನಾನು ಬಾಯಿ ಹಾಕಲಿಲ್ಲ.

"ಮಗುವಿಗೆ ಮಾತು ಯಾವಾಗಿಂದ ನಿಂತಿದೆ?" ಸಾಹೇಬ ಕೇಳಿದ.

ಅಣ್ಣ ಮೇಸ್ತ್ರಿಯ ಕಡೆ ನೋಡಲಿಲ್ಲ. ಯಾರೂ ಅವನಿಗೆ ಕಣ್ಣು ಸನ್ನೆ ಮಾಡಲಿಲ್ಲ. ಯಾರೂ ಹೆದರಿಸಿರಲಿಲ್ಲ. ಇದನ್ನು ನಾನು ಆಣೆ ಇಟ್ಟು ಹೇಳುತ್ತೇನೆ.

"ನಿಂತಿಲ್ಲ ಸಾರ್," ಅಂದ. "ಬಂದೇ ಇಲ್ಲ. ಹುಟ್ಟಿದಾಗಿಂದ ಮೂಗಿ."

ನನ್ನ ಕಿವಿಯಲ್ಲಿ ಭಟ್ಟಿ ಉರಿದಂತಾಯಿತು. "ಸುಳ್ಳು ಸಾರ್," ಅಂದೆ. "ಇವಳನ್ನ ಪಟಾಕಿ ಅಂತ ಕರೀತೀವಿ. ಯಾಕೆ ಕರೀತೀವಿ ಅಂತ ಇವರನ್ನೇ ಕೇಳಿ."

ಸಾಹೇಬ ಬೀದಿಯ ಮುಖ ನೋಡಿದ. ಬೀದಿ ನೆಲದ ಮುಖ ನೋಡಿತು. ಅವಳಿಂದ ದಿನಾ ಬೆಳಿಗ್ಗೆ ಬೈಸಿಕೊಂಡು ನಕ್ಕವರು. ಅವಳಿಗೆ ಹೇಳಿಕೊಟ್ಟು ಮಾತಾಡಿಸಿದವರು. ಒಬ್ಬನಾದರೂ ಬಾಯಿ ಬಿಡಲಿ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಅವರ ಕಂಕುಳಲ್ಲಿ ಅವರವರ ಮಕ್ಕಳಿದ್ದವು.

"ತಮಾಷೆಗೆ ಇಟ್ಟ ಹೆಸರು ಸಾರ್," ಅಂದ ಮೇಸ್ತ್ರಿ. "ಕುರುಡನಿಗೆ ಕಮಲನೇತ್ರ ಅನ್ನಲ್ವಾ, ಹಾಗೆ."

ಯಾರೋ ಕಿಸಕ್ಕೆಂದರು. ಆಮೇಲೆ ಎಲ್ಲರೂ ನಕ್ಕರು. ಉಸಿರು ಬಿಗಿಹಿಡಿದವರಿಗೆ ಉಸಿರು ಬಿಡಲು ಜಾಗ ಸಿಕ್ಕ ಹಾಗೆ ನಕ್ಕರು.

"ಅಮ್ಮ, ನೀನು ಹೇಳು," ಅಂದೆ.

ಅಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ನನ್ನ ಚಿಕ್ಕ ಮಗನ ಮಾತು ಹಿಡೀಬೇಡಿ ಸಾರ್. ಅವರಪ್ಪನ ಚಾಳಿ ಇವನಿಗೂ ಬಂದಿದೆ. ಕುಡೀತಾನೆ."

ಅಪ್ಪ ಇನ್ನೊಂದು ಸಲ ಸತ್ತ. ಈ ಸಲ ನನ್ನನ್ನೂ ಜೊತೆಯಲ್ಲಿ ಮಲಗಿಸಿದರು.

ಸಾಹೇಬ ಎದ್ದ. "ತಂದೆನೇ ಹೀಗೆ ಹೇಳಿದ್ಮೇಲೆ ಬರೀ ರಕ್ತದ ಚೀಟಿ ಇಟ್ಕೊಂಡು ನಾನೇನು ಮಾಡ್ಲಪ್ಪ?" ಅಂದ. ಅವನಿಗೂ ಹಗುರಾಗಿತ್ತು. ಜೀಪು ಹೋದ ಮೇಲೆ ಭಟ್ಟಿಗೆ ಬೆಂಕಿ ಹಾಕಿದರು. "ಉಂಡ ಮನೆಗೆ ಎರಡು ಬಗೆಯೋನು," ಎಂದು ನನ್ನ ಕಾಲ ಹತ್ತಿರ ಉಗಿದು ಹೋದ ಭಟ್ಟಿಯವನು. ಅವನ ಮಗನಿಗೆ ಆರು ವರ್ಷ. ಇನ್ನೂ ನಿಲ್ಲಲು ಗೋಡೆ ಹಿಡಿಯುತ್ತಾನೆ.

ಅಣ್ಣ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ. ಹೋಗಿ ಎದುರು ನಿಂತೆ.

"ಯಾರಿಗೆ ಹೆದರಿದೆ?"

"ಯಾರಿಗೂ ಇಲ್ಲ."

"ಮತ್ತೆ?"

ತುಂಬಾ ಹೊತ್ತು ಕೈ ಉಜ್ಜಿಕೊಂಡ. "ಹುಟ್ಟಿದಾಗಿಂದ ಹೀಗೆ ಅಂದ್ರೆ ಯಾರ ತಪ್ಪೂ ಅಲ್ಲ ಕಣೋ. ಮಧ್ಯದಲ್ಲಿ ಹೀಗಾಯ್ತು ಅಂದ್ರೆ? ದಿನಾ ಸಂಜೆ ಇದೇ ಅಂಗೀಲಿ ಬಂದು ಎತ್ಕೊಂಡಿದೀನಿ. ಮುದ್ದಾಡಿದೀನಿ. ಕುತ್ತಿಗೆಗೆ ಬಾಯಿ ಇಟ್ಕೊಂಡು ನಿದ್ದೆ ಮಾಡ್ತಿದ್ಲು."

"ನನ್ನ ಅಂಗಿಯಿಂದಾನೂ ಹೋಗಿದೆ. ನಾನೂ ಎತ್ಕೊಂಡಿದೀನಿ. ನೋಡು, ಹೇಳ್ದೆ. ನನ್ನ ನಾಲಿಗೆಯೇನು ಬಿದ್ದುಹೋಯ್ತಾ?"

"ನೀನು ಅವಳಪ್ಪ ಅಲ್ಲ."

"ನಿನ್ನನ್ನ ಅಪ್ಪ ಅಂತ ಕರೀತಿದ್ಲು. ಈ ಬೀದಿಯ ಆ ಕೊನೆಯಿಂದ ಕೂಗ್ತಿದ್ಲು."

"ಕರೀತಿರ್ಲಿಲ್ಲ."

"ಅಣ್ಣ."

"ಇಲ್ಲ. ಕರೀತಿರ್ಲಿಲ್ಲ," ಅಂದ. ಕಣ್ಣಲ್ಲಿ ಕಣ್ಣಿಟ್ಟು ಅಂದ. ಸುಳ್ಳು ಹೇಳುವವನ ಕಣ್ಣು ಹಾಗಿರುವುದಿಲ್ಲ. ಅವನು ನಂಬಿಬಿಟ್ಟಿದ್ದ. ಸುಳ್ಳುಗಾರನಾಗಿದ್ದರೆ ಕೊರಳಪಟ್ಟಿ ಹಿಡಿದು ನಾಲ್ಕು ಬಿಗಿಯಬಹುದಿತ್ತು. ಇವನನ್ನು ಏನು ಮಾಡಲಿ?

ಮಾರನೇ ಬೆಳಿಗ್ಗೆ ಅಣ್ಣ ಕೆಲಸಕ್ಕೆ ಹೋದ ಮೇಲೆ ಅತ್ತಿಗೆ ನನ್ನನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕರೆದಳು. ಒಗೆಯಲು ತಂದ ನಮ್ಮಿಬ್ಬರ ಕೆಲಸದ ಬಟ್ಟೆ ರಾಶಿ ಬಿದ್ದಿತ್ತು. ಅವಳು ಮುಟ್ಟಿರಲಿಲ್ಲ. ಮಗುವಿಗೆ ಸ್ನಾನ ಮಾಡಿಸಿ, ತಲೆ ಬಾಚಿ, ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದಳು.

"ಆಸ್ಪತ್ರೆಗೆ ಕರ್ಕೊಂಡು ಹೋಗು," ಅಂದಳು.

"ನೀನೂ ಬಾ ಅತ್ತಿಗೆ. ಮಗು ಅಳುತ್ತೆ."

"ನಾನು ಬರಲ್ಲ."

"ಯಾಕೆ?"

"ಬಂದ್ರೆ ಆ ಡಾಕ್ಟರಮ್ಮ ಎಲ್ಲಾ ಕೇಳ್ತಾರೆ. ಈ ಬಟ್ಟೆ ಎಲ್ಲಿ ಕೊಡವ್ತೀಯ, ಆಗ ಮಗು ಎಲ್ಲಿರುತ್ತೆ ಅಂತ." ಬಟ್ಟೆಯ ರಾಶಿಯನ್ನು ಕಾಲಿನಿಂದ ದೂರ ತಳ್ಳಿದಳು. "ನನ್ನ ಬಾಯಲ್ಲಿ ಅದನ್ನ ಹೇಳಿಸ್ಬೇಡ. ಅಮ್ಮ ಎಲ್ಲಿ ಅಂದ್ರೆ ಸತ್ತೋಗಿದಾಳೆ ಅನ್ನು."

"ಅತ್ತಿಗೆ, ಯಾರೂ ನಿನ್ನ..."

"ಅನ್ನು," ಅಂದಳು. ಮಗುವನ್ನು ಎತ್ತಿ ನನ್ನ ತೋಳಿಗೆ ಕೊಟ್ಟು, ತಿರುಗಿ ನೋಡದೆ ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು.

ನನಗೆ ಅವಳ ಮೇಲೂ ಸಿಟ್ಟು ಬಂತು. ಕರುಣೆ ಬರಬೇಕಿತ್ತು ಎಂದು ಓದಿದವರು ಹೇಳಬಹುದು. ಬರಲಿಲ್ಲ.

ದೊಡ್ಡ ರಸ್ತೆಗೆ ಹೋಗಲು ಶೆಡ್ಡಿನ ಮುಂದೆಯೇ ಹೋಗಬೇಕು. ಟೀ ಹೊತ್ತು. ಎಲ್ಲರೂ ಬಾಗಿಲಲ್ಲಿ ಸಾಲಾಗಿ ಕೂತಿದ್ದರು. ಮೇಸ್ತ್ರಿ ಎರಡು ಕೈಯಲ್ಲಿ ಲೋಟ ಹಿಡಿದಿದ್ದ.

"ಏನು, ಕೆಲಸ ಬಿಟ್ಟು ಆಯಾ ಕೆಲಸಕ್ಕೆ ಸೇರ್ಕೊಂಡ್ಯಾ?" ಅಂದ. "ಸಾಹೇಬರು ಹೋದ್ರಲ್ಲಪ್ಪ, ಇನ್ನು ಯಾರಿಗೆ ತೋರಿಸೋಕೆ?"

"ನಾಟಕದ ಕಂಪನಿ ಕಟ್ತಾನೆ ಬಿಡಿ ಮೇಸ್ತ್ರಿ," ಅಂದ ಭಟ್ಟಿಯವನು. "ಮೂಗಿ ಪಾತ್ರ ಸಿಕ್ಕಿದೆ."

ಅಣ್ಣ ಎದ್ದು ನಿಂತ. ಕೊಡಲಿ ಅವನ ಕೈಯಲ್ಲೇ ಇತ್ತು. ಅವನಿಗೆ ತನ್ನ ಮಗಳನ್ನು ತೋಳಿನಿಂದ ಕಿತ್ತುಕೊಳ್ಳಲು ನಾಲ್ಕು ಹೆಜ್ಜೆ ಸಾಕಿತ್ತು. ಎಲ್ಲರೂ ಅವನನ್ನು ನೋಡುತ್ತಿದ್ದರು. ಅವನು ಎಲ್ಲರಿಗೂ ಕೇಳುವ ಹಾಗೆ ದನಿ ಎತ್ತಿದ.

"ಏಯ್ ಮನೆಹಾಳ. ಯಾರನ್ನ ಕೇಳಿ ಎತ್ಕೊಂಡು ಹೊರಟೆ? ಯಾರ ಮಗು ಅಂದ್ಕೊಂಡಿದೀಯ ಅದನ್ನ?"

ಹೆಜ್ಜೆ ಮಾತ್ರ ಇಡಲಿಲ್ಲ. ಬೈದ, ನಿಂತ ಜಾಗದಲ್ಲೇ ನಿಂತ. ಅಡ್ಡ ಬರಲಿಲ್ಲ ಅನ್ನುವುದನ್ನು ಒಂದು ದಿನ ತನ್ನ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ, ನಾನೇ ಬಿಟ್ಟು ಕಳಿಸಿದ್ದು ಅನ್ನುತ್ತಾನೆ, ಅದನ್ನೂ ನಂಬುತ್ತಾನೆ. ನಾನು ಕೊಡುವುದಿಲ್ಲ ಅದನ್ನು ಅವನಿಗೆ.

"ಕೇಳಿಸ್ಲಿಲ್ವಾ? ಯಾರ ಮಗು ಅದು?" ಮತ್ತೆ ಕೂಗಿದ. ಈ ಸಲ ದನಿ ಒಡೆಯಿತು.

ಮಗು ನನ್ನ ಹೆಗಲ ಮೇಲಿಂದ ಅವನನ್ನೇ ನೋಡುತ್ತಿತ್ತು. ಎಡಗಾಲು ನನ್ನ ಸೊಂಟಕ್ಕೆ ಬಡಿಯುತ್ತಿತ್ತು. ನಾನು ಅವಳನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ರಸ್ತೆ ದಾಟಿದೆ.